ಯಾರ ಇಡುಗಂಟು?

'ಪರದೇಶಿ' ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥ. ಒಂದು, ಬೇರೆ ನಾಡಿನವನು. ಇನ್ನೊಂದು, ಹಿಂದೆ ಮುಂದೆ ಯಾರೂ ಇಲ್ಲದವನು. ಬೈಲಹೊಂಗಲದ ನಮ್ಮ ಓಣಿಯಲ್ಲಿ 'ಪರದೇಶಿ ಕೂಸು, ಒಂದ್ ರೊಟ್ಟಿ ಕೊಡವಾ' ಎಂದರೆ ಅದು ಎರಡನೆಯ ಅರ್ಥ. ಊರು ಬಿಟ್ಟವನು ಅನಾಥನೇ ಎಂದು ನಮ್ಮ ಹಿರಿಯರು ಯಾವ ಕಾಲದಲ್ಲೋ ತೀರ್ಮಾನ ಮಾಡಿ ಎರಡನ್ನೂ ಒಂದೇ ಶಬ್ದದಲ್ಲಿ ಕಟ್ಟಿಹಾಕಿದ್ದಾರೆ.

ನಾನು ಪುಣೆಯಲ್ಲಿ ನೆಲೆಸಿ ಇಪ್ಪತ್ತು ವರ್ಷದ ಮೇಲಾಯಿತು. ಅದಕ್ಕೂ ಮೊದಲು ಕೊಲ್ಹಾಪುರ, ಸಾಂಗಲಿ, ಸ್ವಲ್ಪ ದಿನ ನಾಗಪುರ. ಬ್ಯಾಂಕಿನ ನೌಕರಿ ಅಂದಮೇಲೆ ಗಂಟುಮೂಟೆ ಕಟ್ಟುವುದು, ಬಿಚ್ಚುವುದು ಇದ್ದದ್ದೇ. ಇಲ್ಲಿಯ ನಮ್ಮ ನವೆಂಬರ್ ಕಾರ್ಯಕ್ರಮಗಳಲ್ಲಿ ಯಾರಾದರೊಬ್ಬರು ಮೈಕಿನ ಮುಂದೆ ನಿಂತು, 'ನಾವು ಹೊರನಾಡ ಕನ್ನಡಿಗರು ವನವಾಸದಲ್ಲಿದ್ದೇವೆ' ಎಂದು ಗಂಟಲು ಕಟ್ಟಿಸಿಕೊಳ್ಳುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಇರಿಸುಮುರಿಸು. ಸ್ವಾರಗೇಟಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಚಹಾದ ಹೊತ್ತಿಗೆ ಬೆಳಗಾವಿ. ಯಾರೂ ತಡೆಯುವುದಿಲ್ಲ, ಯಾರೂ ಕಾಗದ ಪತ್ರ ಕೇಳುವುದಿಲ್ಲ. ನಾವು ಊರು ಬಿಟ್ಟದ್ದು ಸಂಬಳಕ್ಕೆ, ಪ್ರಮೋಶನ್ನಿಗೆ, ಮಕ್ಕಳ ಇಂಜಿನಿಯರಿಂಗ್ ಸೀಟಿಗೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ಊರಿಗೆ ಹೋಗದೆ ಇರುವುದು ಬೇರೆ, ಹೋಗಲಾರದೆ ಇರುವುದು ಬೇರೆ. ಎರಡನೆಯವರ ದುಃಖವನ್ನು ಮೊದಲನೆಯವರು ಎರವಲು ತಂದು ಹೊದ್ದುಕೊಳ್ಳಬಾರದು.

ಈ ವ್ಯತ್ಯಾಸ ನನ್ನ ತಲೆಗೆ ಹೊಕ್ಕದ್ದು ಕೊಲ್ಹಾಪುರದಲ್ಲಿ. ಊರ ಹೊರಗೆ ವಳಿವಡೆ ಎಂಬ ಹಳ್ಳಿ ಇದೆ. 1943ರಿಂದ 1948ರವರೆಗೆ ಅಲ್ಲಿ ಸುಮಾರು 5,000 ಜನ ಪೋಲೆಂಡಿನವರು ಇದ್ದರು, ಹೆಚ್ಚಿನವರು ಹೆಂಗಸರು, ಮಕ್ಕಳು. ಸೋವಿಯತ್ ಸರಕಾರ ಪೂರ್ವ ಪೋಲೆಂಡನ್ನು ನುಂಗಿದ ಮೇಲೆ ಇವರನ್ನು ಗೂಡ್ಸ್ ಗಾಡಿಗಳಲ್ಲಿ ತುಂಬಿ ಸೈಬೀರಿಯಾ, ಕಝಕಸ್ತಾನಗಳಿಗೆ ಸಾಗಿಸಿತ್ತು. 1941ರಲ್ಲಿ ಜರ್ಮನಿ ರಷ್ಯಾದ ಮೇಲೆಯೇ ಬಿದ್ದಾಗ ಲೆಕ್ಕ ತಿರುವು ಮುರುವಾಗಿ ಇವರಿಗೆ ಬಿಡುಗಡೆಯಾಯಿತು. ಇರಾನಿನ ದಾರಿಯಿಂದ ಕೆಲವರು ಭಾರತಕ್ಕೆ ಬಂದರು. ಜಾಮನಗರದ ಹತ್ತಿರ ಬಾಲಾಚಡಿಯಲ್ಲಿ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿಯವರು ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟ ಕಥೆ ಈಗ ಅನೇಕರಿಗೆ ಗೊತ್ತು. ವಳಿವಡೆಯ ಕಥೆ ಅಷ್ಟು ಗೊತ್ತಿಲ್ಲ, ಬೆಳಗಾವಿಯಿಂದ ಎರಡು ತಾಸಿನ ದಾರಿಯಾದರೂ.

ತೊಂಬತ್ತರ ದಶಕದಲ್ಲಿ ಒಂದು ದಿನ ನಮ್ಮ ಶಾಖೆಗೆ ಒಬ್ಬ ಬಿಳಿಯ ಮುದುಕಿ ಟ್ರಾವೆಲರ್ಸ್ ಚೆಕ್ ತಂದರು. ಹಣ ಎಣಿಸಿ ಕೊಡುತ್ತಿದ್ದ ಹಾಗೆ ಅವರು ಮರಾಠಿಯಲ್ಲಿ 'ಏಕ, ದೋನ, ತೀನ' ಎಂದು ಜೊತೆಗೆ ಎಣಿಸತೊಡಗಿದರು. ಇಡೀ ಕೌಂಟರ್ ನಿಂತುಹೋಯಿತು. ವಳಿವಡೆಯಲ್ಲಿ ಬೆಳೆದ ಹುಡುಗಿ ಅವರು. ಚಹಾ ಕುಡಿಸಿ ಕೂರಿಸಿಕೊಂಡಾಗ ತಮ್ಮ ಅಣ್ಣನ ವಿಷಯ ಹೇಳಿದರು. ಸೈಬೀರಿಯಾದಿಂದ ಹೊರಬಿದ್ದ ಪೋಲಿಷ್ ಸೈನ್ಯ ಸೇರಿ, ಅಲ್ಲಿಂದ ವಾಯುಪಡೆಗೆ ಆಯ್ಕೆಯಾಗಿ ಇಂಗ್ಲೆಂಡಿಗೆ ಹೋದವನು. ಯುದ್ಧ ಮುಗಿದ ಮೇಲೂ ಮನೆಗೆ ಹೋಗಲಿಲ್ಲ, ಯಾಕೆಂದರೆ ಮನೆ ಇದ್ದ ಊರು ಈಗ ಪೋಲೆಂಡಿನಲ್ಲೇ ಇರಲಿಲ್ಲ. ವಾಯುಪಡೆಯ ಹದ್ದಿನ ಬಿಲ್ಲೆಯನ್ನು ಅವನು ಅಡುಗೆಮನೆಯ ಸಕ್ಕರೆ ಡಬ್ಬಿಯಲ್ಲಿ ಇಡುತ್ತಿದ್ದನಂತೆ. 'ಈಗ ಅವನಿಲ್ಲ. ಮಕ್ಕಳಿಗೆ ಪೋಲಿಷ್ ಬರುವುದಿಲ್ಲ. ಆ ಬಿಲ್ಲೆ ಯಾರದು ಹೇಳಿ' ಎಂದರು. ನಾನೇನು ಹೇಳಲಿ? ಪ್ರಶ್ನೆ ಮಾತ್ರ ನನ್ನ ಹತ್ತಿರ ಉಳಿಯಿತು. ಆಮೇಲಿನ ವರ್ಷಗಳಲ್ಲಿ ಈ ವಿಮಾನದವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮಗಳು ಲಂಡನ್ನಿನಲ್ಲಿದ್ದಾಗ ಎರಡು ಸಲ ಹೋಗಿಯೂ ಬಂದೆ.

ಓದಿದ್ದನ್ನು ಚುಟುಕಾಗಿ ಹೇಳುತ್ತೇನೆ. 1939ರ ಸೆಪ್ಟೆಂಬರ್ 1ಕ್ಕೆ ಪಶ್ಚಿಮದಿಂದ ಜರ್ಮನಿ, 17ಕ್ಕೆ ಪೂರ್ವದಿಂದ ಸೋವಿಯತ್ ಸೈನ್ಯ. ಅಡಕೊತ್ತಿನಲ್ಲಿ ಸಿಕ್ಕ ಅಡಕೆಯ ಹಾಗಾಯಿತು ಪೋಲೆಂಡು. ವಾಯುಪಡೆಯವರಿಗೆ ರುಮೇನಿಯಾ, ಹಂಗೇರಿಗಳ ಗಡಿ ದಾಟಲು ಅಪ್ಪಣೆಯಾಯಿತು. ಅಲ್ಲಿ ಅವರನ್ನು ಶಿಬಿರಗಳಲ್ಲಿ ಕೂಡಿಹಾಕಿದರು. ಲಂಚ ಕೊಟ್ಟು, ಸುಳ್ಳು ಕಾಗದ ಮಾಡಿಸಿ, ನಾಗರಿಕರ ಬಟ್ಟೆ ಹಾಕಿಕೊಂಡು ಅಲ್ಲಿಂದ ತಪ್ಪಿಸಿಕೊಂಡು ಹಡಗು ಹತ್ತಿ ಫ್ರಾನ್ಸ್ ಸೇರಿದರು. 1940ರ ಜೂನಿನಲ್ಲಿ ಫ್ರಾನ್ಸ್ ಕೂಡ ಬಿದ್ದಿತು. ಮತ್ತೆ ಹಡಗು, ಈ ಸಲ ಇಂಗ್ಲೆಂಡಿಗೆ. ಆ ದೇಶಕ್ಕೆ ಅವರಿಟ್ಟ ಹೆಸರು 'ಕೊನೆಯ ಆಸೆಯ ದ್ವೀಪ'.

ಇಷ್ಟು ಸಲ ಓಡಿದವನ ಕೈಯಲ್ಲಿ ಏನು ಉಳಿದೀತು? ಅಂಗಿ ಬದಲಾಯಿಸಿಯೇ ಗಡಿ ದಾಟಬೇಕಾದ್ದರಿಂದ ಸಮವಸ್ತ್ರ ಕೂಡ ಹೋಯಿತು. ಉಳಿದದ್ದು ಜೇಬಿನ ತಳದಲ್ಲಿ ಅಡಗುವಂಥವು: ಒಂದು ಫೋಟೋ, ಒಂದು ಜಪಮಾಲೆ, ಆ ಹದ್ದಿನ ಬಿಲ್ಲೆ. ಬಾಯಲ್ಲಿ ಮಾಲೆ ಹಿಡಿದು ಹಾರುತ್ತಿರುವ ಹದ್ದು, ಸಣ್ಣ ಸರಪಳಿಯಿಂದ ಎದೆಗೆ ಸಿಕ್ಕಿಸಿಕೊಳ್ಳುವಂಥದ್ದು. ಲಂಡನ್ನಿನ ಪ್ರಿನ್ಸಸ್ ಗೇಟ್ ರಸ್ತೆಯಲ್ಲಿರುವ ಸಿಕೋರ್ಸ್ಕಿ ಸಂಗ್ರಹಾಲಯದಲ್ಲಿ ಇಂಥವನ್ನು ನೋಡಿದೆ. ಗಾಜಿನ ಹಿಂದೆ ಪದಕಗಳಿಗಿಂತ ಈ ಸಣ್ಣಪುಟ್ಟ ಸಾಮಾನುಗಳ ಮುಂದೆ ನಾನು ಹೆಚ್ಚು ಹೊತ್ತು ನಿಂತೆ ಅಂತ ಕಾಣುತ್ತದೆ, ಮಗಳು ಎರಡು ಸಲ ಗಡಿಯಾರ ನೋಡಿಕೊಂಡಳು. ಪದಕವನ್ನು ಸರಕಾರ ಕೊಡುತ್ತದೆ. ಜೇಬಿನಲ್ಲಿ ಏನು ಇಟ್ಟುಕೊಳ್ಳಬೇಕೆಂದು ಮನುಷ್ಯ ತಾನೇ ತೀರ್ಮಾನಿಸುತ್ತಾನೆ, ಅದೂ ಓಡುವ ಅವಸರದಲ್ಲಿ.

ಬ್ರಿಟಿಷರಿಗೆ ಮೊದಲಿಗೆ ಇವರ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಸೋತು ಬಂದವರು, ಇಂಗ್ಲಿಷ್ ಬಾರದವರು. ಇವರು ಕಲಿತ ಲೆಕ್ಕ ಕಿಲೋಮೀಟರಿನದು, ಇಲ್ಲಿಯದು ಮೈಲಿಯದು. ಫ್ರೆಂಚ್ ವಿಮಾನದಲ್ಲಿ ವೇಗ ಹೆಚ್ಚಿಸಲು ಹಿಂದಕ್ಕೆ ಎಳೆಯುತ್ತಿದ್ದ ಹಿಡಿಕೆಯನ್ನು ಇಲ್ಲಿ ಮುಂದಕ್ಕೆ ತಳ್ಳಬೇಕು. ಗುಂಪಾಗಿ ಹಾರುವುದನ್ನು, ರೇಡಿಯೋ ಮಾತನ್ನು ಅಭ್ಯಾಸ ಮಾಡಿಸಲು ಅವರನ್ನು ಮೂರು ಗಾಲಿಯ ಸೈಕಲ್ಲಿನ ಮೇಲೆ ಕೂರಿಸಿ ಮೈದಾನದಲ್ಲಿ ಸುತ್ತಿಸಿದರು. ತಮ್ಮ ದೇಶದ ಆಕಾಶದಲ್ಲಿ ಆಗಲೇ ಯುದ್ಧ ಮಾಡಿ ಬಂದವರನ್ನು! ಹೊಸ ಊರಿಗೆ ವರ್ಗವಾಗಿ ಹೋದಾಗ ಹದಿನೈದು ವರ್ಷ ಸರ್ವಿಸ್ ಆದವನಿಗೆ 'ವೋಚರ್ ಹೀಗೆ ಬರೀಬೇಕು' ಅಂತ ಪಾಠ ಹೇಳುವುದು ನನಗೂ ಗೊತ್ತು. ಆದರೆ ಅಲ್ಲಿ ಹೋಲಿಕೆ ನಿಂತುಹೋಗುತ್ತದೆ.

1940ರ ಆಗಸ್ಟ್ 2ಕ್ಕೆ ನಾರ್ತೋಲ್ಟ್‌ನಲ್ಲಿ ಕಟ್ಟಿದ 303ನೇ ಸ್ಕ್ವಾಡ್ರನ್ನಿನದು ಪ್ರಸಿದ್ಧ ಕಥೆ. ಆಗಸ್ಟ್ 30ರಂದು ಅಭ್ಯಾಸಕ್ಕೆ ಹಾರಿದ್ದಾಗ ಲುದ್ವಿಕ್ ಪಾಶ್ಕಿಯೇವಿಚ್ ಎಂಬವನು ಸಾಲು ಬಿಟ್ಟು ಹೋಗಿ ಒಂದು ಜರ್ಮನ್ ವಿಮಾನವನ್ನು ಹೊಡೆದುರುಳಿಸಿದ. ಬೈಗುಳವೂ ಸಿಕ್ಕಿತು, ಮರುದಿನವೇ ಇಡೀ ಸ್ಕ್ವಾಡ್ರನ್ನಿಗೆ ಯುದ್ಧಕ್ಕಿಳಿಯುವ ಅಪ್ಪಣೆಯೂ ಸಿಕ್ಕಿತು. ನಾಲ್ಕು ವಾರ ಕಳೆಯುವುದರೊಳಗೆ, ಸೆಪ್ಟೆಂಬರ್ 27ಕ್ಕೆ, ಅವನು ಸತ್ತ. ಆ ಸ್ಕ್ವಾಡ್ರನ್ ಬ್ರಿಟನ್ ಕದನದಲ್ಲಿ 126 ವಿಮಾನ ಉರುಳಿಸಿತೆಂದು ಆಗ ಲೆಕ್ಕ ಬರೆದರು. ಆಮೇಲೆ ಸಂಶೋಧಕರು ಅದನ್ನು ಕಡಿಮೆ ಮಾಡಿದ್ದಾರೆ, ಯುದ್ಧಕಾಲದ ಎಲ್ಲ ಲೆಕ್ಕಗಳಂತೆ. ಕಡಿಮೆ ಮಾಡಿದ ಮೇಲೂ ಅದು ಮುಂಚೂಣಿಯ ಸ್ಕ್ವಾಡ್ರನ್ನುಗಳಲ್ಲಿ ಒಂದು. ಆ ಕದನದಲ್ಲಿ 145 ಮಂದಿ ಪೋಲಿಷ್ ಪೈಲಟ್‌ಗಳಿದ್ದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಲಂಡನ್ನಿನ ಮೇಲಿನ ಆಕಾಶ ಅವರದೇನು? ಪರರ ಮನೆಗೆ ಬೆಂಕಿ ಬಿದ್ದಾಗ ಕೊಡ ಹಿಡಿದು ಓಡುವುದು ಪುಣ್ಯದ ಕೆಲಸ ಎನ್ನಬಹುದು. ಆದರೆ ಅವರು ಪುಣ್ಯಕ್ಕಾಗಿ ಹಾರಲಿಲ್ಲ. ತಮ್ಮ ಮನೆ ಸುಟ್ಟವನೇ ಇಲ್ಲಿಗೂ ಬಂದಿದ್ದ. ಲಂಡನ್ನಿನ ದಾರಿ ವಾರ್ಸಾಕ್ಕೆ ಹೋಗುತ್ತದೆ ಎಂದು ನಂಬಿದ್ದರು. ಸೇಡು ಇತ್ತೇ? ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಸೇಡು ಕೆಟ್ಟದ್ದೆಂದು ಪುಣೆಯ ಬಾಲ್ಕನಿಯಲ್ಲಿ ಕೂತು ನಾನು ಅವರಿಗೆ ಪಾಠ ಹೇಳಲಾರೆ.

ಇನ್ನು ಆ ಧ್ವಜದ ಕಥೆ. ನನಗೆ ಈ ಇಡೀ ಇತಿಹಾಸದಲ್ಲಿ ಬಿಡದೆ ಕಾಡಿದ್ದು ಇದೇ. ಊರಿನಿಂದ ಹೊರಟವನು ಊರಿನ ಕುರುಹು ಒಯ್ಯುವುದು ಲೋಕರೂಢಿ. ಇಲ್ಲಿ ಊರೇ ಕುರುಹನ್ನು ಅವರ ಹಿಂದೆ ಕಳಿಸಿಕೊಟ್ಟಿತು. 1940ರಲ್ಲಿ ವಿಲ್ನೋ ನಗರದಲ್ಲಿ ಕೆಲವು ಹೆಂಗಸರು ಮತ್ತು ಕ್ರೈಸ್ತ ಸನ್ಯಾಸಿನಿಯರು ಗುಟ್ಟಾಗಿ ಪೋಲಿಷ್ ವಾಯುಪಡೆಗೆ ಒಂದು ಧ್ವಜ ಹೊಲಿದರು. ಆ ವರ್ಷವೇ ಊರು ಸೋವಿಯತ್ ಕೈಗೆ ಹೋಯಿತು. ಸಿಕ್ಕಿಬಿದ್ದಿದ್ದರೆ ಗತಿ ಏನೆಂದು ಹೇಳಬೇಕಾಗಿಲ್ಲ. ಧ್ವಜ ಜಪಾನಿನ ರಾಜತಾಂತ್ರಿಕರ ಅಂಚೆಚೀಲದಲ್ಲಿ ಹೊರಬಿದ್ದು ಸ್ವೀಡನ್ನಿನ ಮೂಲಕ ಇಂಗ್ಲೆಂಡ್ ಮುಟ್ಟಿತು. 1941ರ ಜುಲೈ 16ರಂದು ಸ್ವಿಂಡರ್ಬಿಯಲ್ಲಿ ಅದನ್ನು ವಾಯುಪಡೆಗೆ ಒಪ್ಪಿಸಿದರು. ಮುಂದೆ ಪ್ರತಿ ಸ್ಕ್ವಾಡ್ರನ್ನೂ ಸರದಿಯ ಮೇಲೆ ಮೂರು ಮೂರು ತಿಂಗಳು ಇಟ್ಟುಕೊಂಡಿತು, ನಮ್ಮ ಕಡೆ ಹಳ್ಳಿಗಳಲ್ಲಿ ದೇವರ ಪಲ್ಲಕ್ಕಿ ಮನೆಮನೆಗೆ ಬರುವ ಹಾಗೆ. ಅದರ ಮೇಲೆ ಕಸೂತಿ ಹಾಕಿದ ಮಾತಿನ ಅರ್ಥ: ಪ್ರೀತಿ ತ್ಯಾಗವನ್ನು ಕೇಳುತ್ತದೆ.

ಒಂದು ಬಟ್ಟೆಗಾಗಿ ಜೀವ ಒಡ್ಡಬಹುದೇ? ನಾನು ಎಂ.ಕಾಂ. ಓದಿದವನು. ಲಾಭ ನಷ್ಟ ನೋಡದೆ ಮುಂದೆ ಹೋಗುವ ಅಭ್ಯಾಸ ನನಗಿಲ್ಲ. ಧ್ವಜ ಒಂದು ವಿಮಾನವನ್ನೂ ಉರುಳಿಸುವುದಿಲ್ಲ. ಅಷ್ಟು ಹೆಂಗಸರ ಪ್ರಾಣ, ಅಷ್ಟು ಜನರ ಕೈಬದಲು, ಎಲ್ಲ ಒಂದು ಬಟ್ಟೆಗೆ? ಬಹಳ ದಿನ ಇದನ್ನು ದುಂದು ಎಂದೇ ತಿಳಿದಿದ್ದೆ. ನನ್ನ ಮನೆಯಾಕೆಗೆ ಈ ಕಥೆ ಹೇಳಿದಾಗ ಆಕೆ ಬೇರೆ ಮಾತು ಹೇಳಿದಳು: 'ಗಂಡಸರು ಹೋಗಿಬಿಟ್ರು. ಇವರು ಅಲ್ಲೇ ಉಳಿದ್ರು. ನಾವು ಇದ್ದೀವಿ ಅಂತ ತಿಳಿಸೋದು ಬ್ಯಾಡೇನು?' ಹೌದಲ್ಲ. ಕಾಗದ ಬರೆದರೆ ಸಿಕ್ಕಿಬೀಳುವ ಕಾಲ. ಆ ಧ್ವಜ ಒಂದು ಕಾಗದ. ಹೋದವರು ತಮ್ಮನ್ನು ಮರೆಯದಿರಲಿ ಎನ್ನುವುದಕ್ಕಿಂತ, ತಾವು ಇನ್ನೂ ಬಾಗಿಲು ಹಾಕಿಕೊಂಡಿಲ್ಲ ಎಂದು ಹೇಳುವ ಕಾಗದ.

ಆದರೂ ಆ ಕಸೂತಿಯ ಮಾತು ನನಗೆ ಸ್ವಲ್ಪ ಕಠಿಣವೆನಿಸುತ್ತದೆ. ತ್ಯಾಗ ಕೇಳುವವರು ಯಾರು, ಕೊಡುವವರು ಯಾರು ಎನ್ನುವುದರ ಮೇಲೆ ಅದರ ಅರ್ಥ ನಿಂತಿದೆ. ರಾಜಧಾನಿಯಲ್ಲಿ ಕೂತ ಮಂತ್ರಿ ಕೇಳಿದರೆ ಅದು ಕಂದಾಯ ವಸೂಲಿ. ಸೂಜಿ ಹಿಡಿದು ತಲೆಗೆ ಅಪಾಯ ತಂದುಕೊಂಡ ಹೆಂಗಸು ಕೇಳಿದರೆ ಅವಳು ತನ್ನ ಪಾಲನ್ನು ಮೊದಲೇ ಕೊಟ್ಟಿದ್ದಾಳೆ. ಕೇಳುವ ಹಕ್ಕು ಅವಳಿಗಿತ್ತು ಎಂದೇ ನನ್ನ ಅಭಿಪ್ರಾಯ.

1944ರ ಆಗಸ್ಟಿನಲ್ಲಿ ವಾರ್ಸಾ ಜನ ಜರ್ಮನರ ವಿರುದ್ಧ ದಂಗೆ ಎದ್ದರು. ಇಟಲಿಯ ಬ್ರಿಂಡಿಸಿಯಿಂದ 1586ನೇ ಪೋಲಿಷ್ ತುಕಡಿಯವರು ಆಯುಧ, ಆಹಾರ ಹೊತ್ತು ರಾತ್ರಿ ಹಾರಿ ವಾರ್ಸಾ ಮೇಲೆ ಇಳಿಬಿಟ್ಟರು. ಐದು ವರ್ಷ ಯಾವ ಊರಿಗೆ ಹೋಗಬೇಕೆಂದು ಹಂಬಲಿಸಿದ್ದರೋ ಆ ಊರನ್ನು ನೋಡಿದ್ದು ಮೇಲಿನಿಂದ, ಅದು ಉರಿಯುತ್ತಿದ್ದಾಗ. ಇಳಿಯುವ ಹಾಗಿಲ್ಲ. ಪೊಟ್ಟಣ ಬಿಟ್ಟು ತಿರುಗಬೇಕು. ಹೋದವರಲ್ಲಿ ಬಹಳ ಮಂದಿ ತಿರುಗಿ ಬರಲೂ ಇಲ್ಲ. ಇದರ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ.

ಯುದ್ಧ ಗೆದ್ದರು. ಪೋಲೆಂಡ್ ಗೆಲ್ಲಲಿಲ್ಲ. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಕೂತ ಮೂವರು ಅದರ ಪೂರ್ವ ಭಾಗವನ್ನು ಸ್ಟಾಲಿನ್ನನಿಗೆ ಒಪ್ಪಿಸಿದರು. ಜುಲೈ 5ಕ್ಕೆ ಬ್ರಿಟನ್, ಲಂಡನ್ನಿನಲ್ಲಿದ್ದ ಪೋಲಿಷ್ ಸರಕಾರದ ಮಾನ್ಯತೆ ತೆಗೆದುಹಾಕಿ ವಾರ್ಸಾದ ಹೊಸ ಸರಕಾರಕ್ಕೆ ಕೊಟ್ಟಿತು. 1946ರ ಜೂನ್ 8ಕ್ಕೆ ಲಂಡನ್ನಿನಲ್ಲಿ ವಿಜಯದ ಮೆರವಣಿಗೆ. ಬ್ರಿಟಿಷರ ಜೊತೆಗೂಡಿ ಹೋರಾಡಿದ ಪೋಲಿಷ್ ಸೈನ್ಯಕ್ಕೆ, ನೌಕಾಪಡೆಗೆ ಅದರಲ್ಲಿ ಜಾಗವಿರಲಿಲ್ಲ. ಬ್ರಿಟನ್ ಕದನದ 25 ಮಂದಿ ಪೈಲಟ್‌ಗಳಿಗೆ ಮಾತ್ರ ಆರ್‌ಎಎಫ್‌ನವರ ಸಾಲಿನಲ್ಲಿ ನಡೆಯಲು ಕರೆ ಬಂತು. ಅವರು ಒಲ್ಲೆವೆಂದರು.

ಪಂಕ್ತಿಭೇದ ಎಂದರೆ ಏನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಜೊತೆಗೆ ಬಂದ ಅಣ್ಣತಮ್ಮಂದಿರಿಗೆ ಎಲೆ ಹಾಕದ ಮನೆಯಲ್ಲಿ ನಾನೊಬ್ಬನೇ ಹೋಳಿಗೆ ಹೇಗೆ ತಿನ್ನಲಿ? ಆದರೆ ಇನ್ನೊಂದು ಮಗ್ಗುಲೂ ಇದೆ. ಹೋಗಿದ್ದರೆ ಸತ್ತವರ ಪರವಾಗಿ ಯಾರಾದರೂ ನಡೆದ ಹಾಗಾಗುತ್ತಿತ್ತು, ಹೋಗದಿದ್ದರಿಂದ ರಸ್ತೆಯಲ್ಲಿ ಅವರ ನೆರಳೂ ಬೀಳಲಿಲ್ಲ ಎನ್ನುವವರಿದ್ದಾರೆ. ನನ್ನ ಸ್ನೇಹಿತರೊಬ್ಬರು, ಕಾರ್ಮಿಕ ಸಂಘದಲ್ಲಿ ಕೂದಲು ನೆರೆಸಿದವರು, ಈ ವಾದ ಹೂಡಿದರು. 'ಗೈರುಹಾಜರಿ ಯಾರ ಕಣ್ಣಿಗೂ ಬೀಳೂದಿಲ್ರೀ' ಎಂದರು. ಆದರೆ ಇದು ಬಿದ್ದಿದೆಯಲ್ಲ! ಆ ಮೆರವಣಿಗೆಯಲ್ಲಿ ನಡೆದವರ ಹೆಸರು ನನಗೆ ಒಂದೂ ನೆನಪಿಲ್ಲ, ನಡೆಯದವರ ಸಂಖ್ಯೆ ನೆನಪಿದೆ.

ಆಮೇಲೆ ಪ್ರತಿಯೊಬ್ಬನ ಮುಂದೆ ಒಂದೇ ಪ್ರಶ್ನೆ: ಹೋಗುವುದೋ, ಉಳಿಯುವುದೋ. ಪೋಲಿಷ್ ಪೈಲಟ್‌ಗಳಲ್ಲೆಲ್ಲ ಹೆಚ್ಚು ವಿಮಾನ ಉರುಳಿಸಿದ ಸ್ತಾನಿಸ್ವಾಫ್ ಸ್ಕಾಲ್ಸ್ಕಿ 1947ರಲ್ಲಿ ಹಿಂತಿರುಗಿದ. 1948ರಲ್ಲಿ ಬೇಹುಗಾರನೆಂದು ಹಿಡಿದರು, 1950ರಲ್ಲಿ ಮರಣದಂಡನೆ ವಿಧಿಸಿದರು. ಅದು ಜೀವಾವಧಿಗೆ ಇಳಿದು, 1956ರಲ್ಲಿ ಬಿಡುಗಡೆಯಾಯಿತು. ಅವನು 2004ರವರೆಗೆ ಬದುಕಿದ್ದ. ಕರ್ನಲ್ ಷ್ಚೆಪಾನ್ ಶ್ಚಿಬೋರ್ ಮತ್ತು ಇನ್ನೂ ಐದು ಮಂದಿ ವಾಯುಪಡೆಯ ಅಧಿಕಾರಿಗಳಿಗೆ ಆ ಅದೃಷ್ಟವೂ ಇರಲಿಲ್ಲ, 1952ರ ಆಗಸ್ಟ್ 7ರಂದು ವಾರ್ಸಾದ ಜೈಲಿನಲ್ಲಿ ಅವರನ್ನು ಕೊಂದರು. ಇಂಗ್ಲೆಂಡಿನಿಂದ ಮನೆಗೆ ಕಾಗದ ಬರೆದರೆ ಮನೆಯವರಿಗೆ ತೊಂದರೆಯಾದೀತೆಂದು ಬರೆಯದೆ ಉಳಿದವರಿದ್ದರು. ತಾಯಿಗೆ ಮಗ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ, ಅದೇ ಮಗನ ಪ್ರೀತಿ. ಹೀಗೂ ಒಂದು ಕಾಲ.

ಉಳಿದವರಿಗಾಗಿ ಬ್ರಿಟನ್ 1947ರಲ್ಲಿ ಕಾಯಿದೆ ಮಾಡಿತು. ಕಾರ್ಖಾನೆ, ಗಣಿ, ಹೋಟೆಲ್, ಸಿಕ್ಕ ಕೆಲಸ ಹಿಡಿದರು. ನಾರ್ತ್ ವೇಲ್ಸಿನ ಪೆನ್ರೋಸ್ ಎಂಬಲ್ಲಿ ಹಳೆಯ ವಿಮಾನ ನೆಲೆಯೊಂದು 1949ರಲ್ಲಿ ಪೋಲಿಷರ ವಸತಿಯಾಯಿತು. ಯಾನುಷ್ ಝುರಾಕೋವ್ಸ್ಕಿ ಕೆನಡಾಕ್ಕೆ ಹೋಗಿ, 1958ರಲ್ಲಿ ಆವ್ರೋ ಆರೋ ಎಂಬ ಹೆಸರಾಂತ ಜೆಟ್ ವಿಮಾನವನ್ನು ಮೊದಲ ಸಲ ಹಾರಿಸಿದ. ಆ ಯೋಜನೆಯನ್ನೇ ಸರಕಾರ ಮುಚ್ಚಿದ ಮೇಲೆ ಕೆರೆಯ ದಂಡೆಯಲ್ಲಿ ಒಂದು ವಸತಿಗೃಹ ಕಟ್ಟಿ ಅದಕ್ಕೆ ಪೋಲೆಂಡಿನ ಊರಿನ ಹೆಸರಿಟ್ಟ: ಕಾರ್ತೂಝಿ. 303ರಲ್ಲಿ ಹೆಸರು ಮಾಡಿದ್ದ ಯಾನ್ ಝುಂಬಾಖ್ ಮಾತ್ರ ಕಳ್ಳಸಾಗಣೆ ಮಾಡಿದ, ಕಟಾಂಗಾ, ಬಿಯಾಫ್ರಾಗಳಲ್ಲಿ ಬಾಡಿಗೆ ಯುದ್ಧ ಮಾಡಿದ. ದೇಶಭ್ರಷ್ಟರೆಲ್ಲ ಸಂತರಾಗಿದ್ದರು ಎಂದು ತಿಳಿಯಬೇಡಿ. ಊರು ಕಳೆದುಕೊಂಡವನಿಗೆ ಊರಿನ ಕಣ್ಣಿನ ಅಂಜಿಕೆಯೂ ಹೋಗುತ್ತದೆ, ಅದು ಯಾರೂ ಹೇಳದ ನಷ್ಟ.

ಈಗ ಆ ಮುದುಕಿಯ ಪ್ರಶ್ನೆಗೆ ಬರುತ್ತೇನೆ. ಬ್ಯಾಂಕಿನವನಾಗಿ ನನಗೆ ಗೊತ್ತಿರುವ ದಾರಿಯಿಂದಲೇ ಬರಬೇಕು. ಲಾಕರ್ ಬೇರೆ, ಸೇಫ್ ಕಸ್ಟಡಿ ಬೇರೆ. ಲಾಕರಿನಲ್ಲಿ ನೀವೇನು ಇಟ್ಟಿದ್ದೀರಿ ಎಂದು ಬ್ಯಾಂಕಿಗೆ ಗೊತ್ತಿಲ್ಲ. ಸೇಫ್ ಕಸ್ಟಡಿಯಲ್ಲಿ ನಿಮ್ಮ ಪೆಟ್ಟಿಗೆಯನ್ನು ಅರಗು ಹಾಕಿ ನಮ್ಮ ಕೈಗೇ ಕೊಡುತ್ತೀರಿ, ರಸೀದಿ ಒಯ್ಯುತ್ತೀರಿ. 1872ರ ಕರಾರು ಕಾಯಿದೆಯ 148ನೇ ಕಲಮಿನಲ್ಲಿ ಇದಕ್ಕೆ ಬೇಲ್‌ಮೆಂಟ್ ಎನ್ನುತ್ತಾರೆ. ವಸ್ತು ನಮ್ಮ ವಶದಲ್ಲಿದೆ, ನಮ್ಮದಲ್ಲ. ಚೆನ್ನಾಗಿ ಕಾಯಬೇಕು, ಉಪಯೋಗಿಸಬಾರದು, ಕೇಳಿದಾಗ ಕೊಡಬೇಕು. ಕೇಳಿದವರಿಗೆಲ್ಲ ಅಲ್ಲ, ಹಕ್ಕುದಾರನಿಗೆ. ತಪ್ಪು ಮನುಷ್ಯನಿಗೆ ಕೊಟ್ಟು 'ಕೊಟ್ಟಾಯಿತಲ್ಲ' ಎಂದರೆ ನಡೆಯದು.

ಲಂಡನ್ನಿನ ಪೋಲಿಷ್ ಸರಕಾರ ಮಾಡಿದ್ದು ಇದನ್ನೇ. ಯಾವ ದೊಡ್ಡ ದೇಶದ ಮಾನ್ಯತೆಯೂ ಇಲ್ಲದೆ 45 ವರ್ಷ ಒಬ್ಬರ ನಂತರ ಒಬ್ಬರು ಅಧ್ಯಕ್ಷರಾದರು. ಸೈನ್ಯವಿಲ್ಲ, ಖಜಾನೆ ಇಲ್ಲ, ಒಂದು ಮನೆ, ಕೆಲವು ಮೊಹರು, 1935ರ ಸಂವಿಧಾನದ ಮೂಲ ಪ್ರತಿ, ಅಧ್ಯಕ್ಷರ ಧ್ವಜ. ನಕ್ಕವರು ಬಹಳ. ವಾರ್ಸಾ ಸರಕಾರಕ್ಕೇ ಕೊಟ್ಟುಬಿಡಬಹುದಿತ್ತು, ಎಷ್ಟೆಂದರೂ ನೆಲ ಅವರ ಕೈಯಲ್ಲಿತ್ತು. ಕೊಡಲಿಲ್ಲ. 1990ರಲ್ಲಿ ಜನರೇ ನೇರವಾಗಿ ಮತ ಹಾಕಿ ಲೆಖ್ ವಲೇಸಾರನ್ನು ಆರಿಸಿದ ಮೇಲೆ, ಡಿಸೆಂಬರ್ 22ರಂದು ಕೊನೆಯ ಅಧ್ಯಕ್ಷ ರಿಷಾರ್ಡ್ ಕಚೋರೋವ್ಸ್ಕಿ ಅವನ್ನೆಲ್ಲ ವಾರ್ಸಾ ಅರಮನೆಗೆ ಒಯ್ದು ಒಪ್ಪಿಸಿದರು. ಇಷ್ಟು ಚೊಕ್ಕಟವಾದ ಕಸ್ಟಡಿ ವ್ಯವಹಾರವನ್ನು ನನ್ನ ಮೂವತ್ತೈದು ವರ್ಷದ ಸರ್ವಿಸಿನಲ್ಲಿ ನೋಡಿಲ್ಲ. ಹಟ ಎಂದವರಿಗೆ ಇದು ಹಟವೇ. ಆದರೆ ಹಟಕ್ಕೂ ನಿಷ್ಠೆಗೂ ಇರುವ ವ್ಯತ್ಯಾಸ ನಡುವೆ ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಹಿಂತಿರುಗಿಸುವ ದಿನ ಕೈ ತೆರೆಯುತ್ತದೋ ಇಲ್ಲವೋ ಎಂಬುದರಲ್ಲಿ ಗೊತ್ತಾಗುತ್ತದೆ. ಎಷ್ಟೋ ಜನ ಕಾಯುತ್ತ ಕಾಯುತ್ತ ಅದು ತಮ್ಮದೇ ಎಂದುಕೊಳ್ಳುತ್ತಾರೆ.

ರಾಷ್ಟ್ರದ ಮೊಹರಿಗೆ ಹಕ್ಕುದಾರರು ಸಿಕ್ಕರು, ಸರಿ. ಸಕ್ಕರೆ ಡಬ್ಬಿಯ ಬಿಲ್ಲೆಗೆ?

ಒಮ್ಮೆ ಪುಣೆಯ ಶಾಖೆಯಲ್ಲಿ ತೀರಿಕೊಂಡ ಹಿರಿಯರೊಬ್ಬರ ಲಾಕರ್ ತೆರೆದೆವು. ಬಾಗಲಕೋಟೆ ಕಡೆಯವರು. ನಿಯಮದಂತೆ ಇಬ್ಬರು ಸಾಕ್ಷಿಗಳನ್ನು ಕೂರಿಸಿ ಯಾದಿ ಬರೆಯುವುದು. ಬಳೆ ನಾಲ್ಕು, ಸರ ಒಂದು, ಬೆಳ್ಳಿ ನಾಣ್ಯ. ಕೊನೆಗೆ ಬಟ್ಟೆಯಲ್ಲಿ ಸುತ್ತಿದ ದೊಡ್ಡ ಹಿತ್ತಾಳೆ ಕೀಲಿಕೈ. ಆಲಮಟ್ಟಿ ಹಿನ್ನೀರಿನಲ್ಲಿ ಹೋದ ಹಳೆ ಬಾಗಲಕೋಟೆಯ ಮನೆಯದು. ಪರಿಹಾರ ಬಂದಾಗಿತ್ತು, ಮನೆ ನೀರಿನೊಳಗಿತ್ತು, ಕೀಲಿಕೈಗೆ ವರ್ಷಾವರ್ಷ ಲಾಕರ್ ಬಾಡಿಗೆ ಕಟ್ಟುತ್ತಿದ್ದರು ಆ ಹಿರಿಯರು. ದೊಡ್ಡ ಮಗ 'ಭಂಗಾರಕ್ಕೆ ಹಾಕೋಣ' ಎಂದ. ಇಲ್ಲಿ ಭಂಗಾರ ಎಂದರೆ ಗುಜರಿ, ನಮ್ಮ ಬಂಗಾರವಲ್ಲ. ಕನ್ನಡ ಮರಾಠಿ ಎರಡೂ ಬಲ್ಲ ಸಾಕ್ಷಿಯೊಬ್ಬರು ಮುಖ ಕೆಳಗೆ ಹಾಕಿದರು. ಸೊಸೆ, ಮರಾಠಿ ಹೆಣ್ಣುಮಗಳು, ಏನೂ ಮಾತಾಡದೆ ಅದನ್ನು ತನ್ನ ಪರ್ಸಿಗೆ ಹಾಕಿಕೊಂಡಳು. ಯಾದಿಯಲ್ಲಿ ನಾನು 'ಹಳೆಯ ಹಿತ್ತಾಳೆ ಕೀಲಿಕೈ, 1' ಎಂದು ಬರೆದೆ. ಯಾದಿಯಲ್ಲಿ ನಾವು ಬೆಲೆ ಬರೆಯುವುದಿಲ್ಲ, ಅದೊಂದು ಒಳ್ಳೆಯ ನಿಯಮ.

ಆ ಮಗನನ್ನು ನಾನು ತಪ್ಪೆನ್ನುವುದಿಲ್ಲ. ಅವನು ಆ ಮನೆಯ ಹೊಸ್ತಿಲು ದಾಟಿದ್ದೇ ನಾಲ್ಕೈದು ಸಲವಿರಬೇಕು. ತಂದೆಯ ನೆನಪನ್ನು ಮಗ ಆಸ್ತಿಯ ಹಾಗೆ ಪಡೆಯುವುದಿಲ್ಲ, ಸಾಲದ ಹಾಗೂ ಪಡೆಯಬೇಕಾಗಿಲ್ಲ. ಪೋಲಿಷ್ ಬಾರದ ಆ ಇಂಗ್ಲಿಷ್ ಮಕ್ಕಳಿಗೆ 'ನಿಮ್ಮ ಅಪ್ಪನ ಬಿಲ್ಲೆಯನ್ನು ಎದೆಯಲ್ಲಿಟ್ಟುಕೊಳ್ಳಿ' ಎಂದು ಹೇಳುವ ಅಧಿಕಾರ ಯಾರಿಗಿದೆ? ಅವರ ಅಪ್ಪ ಹೋರಾಡಿದ್ದೇ ಅವರು ನಿಶ್ಚಿಂತೆಯಿಂದ ಮರೆಯಬಲ್ಲ ಜೀವನ ಬದುಕಲಿ ಎಂದಲ್ಲವೇ? ಆದರೆ ನನಗೆ ಇನ್ನೊಂದೂ ಕಾಣುತ್ತದೆ. ಕಾಯುವವನು ವಾರಸುದಾರನೇ ಆಗಬೇಕೆಂದಿಲ್ಲ. ಆ ಸೊಸೆಯನ್ನು ನೋಡಿ. 2017ರಲ್ಲಿ ಬ್ರಿಟನ್ನಿನ ಆರ್‌ಎಎಫ್ ಸಂಗ್ರಹಾಲಯದವರು ಜನರ ಮೆಚ್ಚಿನ ಸ್ಪಿಟ್‌ಫೈರ್ ಪೈಲಟ್ ಯಾರೆಂದು ಮತ ಕೇಳಿದಾಗ, ಗೆದ್ದದ್ದು ಫ್ರಾನ್ಸಿಷೆಕ್ ಕೋರ್ನಿತ್ಸ್ಕಿ ಎಂಬ ನೂರು ವರ್ಷದ ಪೋಲಿಷ್ ಮುದುಕರು, ಮೂರು ಲಕ್ಷಕ್ಕೂ ಹೆಚ್ಚು ಮತಗಳಿಂದ. ಅವರು ಆ ವರ್ಷದ ನವೆಂಬರಿನಲ್ಲಿ ತೀರಿಕೊಂಡರು. 1946ರಲ್ಲಿ ಮೆರವಣಿಗೆಗೆ ಕರೆಯದ ಊರು ಎಪ್ಪತ್ತೊಂದು ವರ್ಷದ ಮೇಲೆ ಮತ ಹಾಕಿತು. ತಡವಾಯಿತು. ಬಡ್ಡಿ ಲೆಕ್ಕ ಹಾಕಿದರೆ ತೀರುವ ಬಾಕಿಯಲ್ಲ.

ವಿಲ್ನೋದ ಧ್ವಜದ ಕಥೆ ಪೂರ್ತಿ ಮಾಡುತ್ತೇನೆ. ಯುದ್ಧವಾದ ಮೇಲೆ ಅದು ಲಂಡನ್ನಿನ ಆ ಸಂಗ್ರಹಾಲಯದಲ್ಲೇ ಕಾದುಕೊಂಡಿತ್ತು. 1992ರಲ್ಲಿ ಪೋಲೆಂಡಿಗೆ ಮರಳಿತು. ಮರಳಿತು ಎಂದೆನಲ್ಲ, ಅದು ಪೂರ್ತಿ ಸರಿಯಲ್ಲ. ವಿಲ್ನೋ ಈಗ ವಿಲ್ನಿಯಸ್, ಲಿಥುವೇನಿಯಾ ದೇಶದ ರಾಜಧಾನಿ. ಆ ಬಟ್ಟೆ ಯಾವ ದೇಶಕ್ಕೆ ಸೇರಿದ್ದೋ ಆ ದೇಶಕ್ಕೆ ಬಂತು, ಯಾವ ಕೈಗಳು ಹೊಲಿದವೋ ಆ ಊರಿಗಲ್ಲ. ಗಡಿ ಸರಿದರೆ ಊರು ಅಲ್ಲೇ ಇದ್ದೂ ಪರಊರಾಗುತ್ತದೆ ಎನ್ನುವುದು ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡದವರಿಗೆ ಗೊತ್ತಿರುವ ಸಂಗತಿ, ಇಲ್ಲಿ ರಕ್ತ ಹರಿಯಲಿಲ್ಲ ಅಷ್ಟೇ.

ವಳಿವಡೆಯ ಮಕ್ಕಳದು ಇನ್ನೊಂದು ತಮಾಷೆ. ಅವರಲ್ಲಿ ಬಹಳ ಮಂದಿ ಇಂಗ್ಲೆಂಡಿನಲ್ಲಿ ನೆಲೆ ನಿಂತು, 'ಭಾರತದ ಪೋಲಿಷರ ಸಂಘ' ಎಂದು ಕಟ್ಟಿಕೊಂಡರು. ಅವರ ಅಪ್ಪ ಅಣ್ಣಂದಿರು ಪೋಲೆಂಡನ್ನು ನೆನೆದು ಹನಿಗಣ್ಣಾದರೆ ಇವರು ಕೊಲ್ಹಾಪುರವನ್ನು ನೆನೆಯುತ್ತಿದ್ದರು. ವಾರ್ಸಾದಲ್ಲಿ ಈಗ ಕೊಲ್ಹಾಪುರದ ಹೆಸರಿನ ಸ್ಮಾರಕವಿದೆ. 2024ರಲ್ಲಿ ನಮ್ಮ ಪ್ರಧಾನಿ ಅಲ್ಲಿ ಹೂವಿಟ್ಟದ್ದನ್ನು ಟಿವಿಯಲ್ಲಿ ನೋಡಿರಬಹುದು.

ನನ್ನ ಮೊಮ್ಮಗನಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಮೊನ್ನೆ ಕಪಾಟಿನಿಂದ ನನ್ನ ಅಪ್ಪನ ಕಿರಾಣಿ ಅಂಗಡಿಯ ಉದ್ದರಿ ವಹಿಯನ್ನು ಎಳೆದು ತಂದ. ಕೆಂಪು ಬಟ್ಟೆಯ ರಟ್ಟು, ಹೊಟ್ಟೆ ಉಬ್ಬಿದ ಹಾಳೆ. 'ಆಜೋಬಾ, ಇದರಾಗ ಏನದ?' ಎಂದ. ಯಾರು ಯಾರು ಎಷ್ಟು ಕೊಡಬೇಕು ಅಂತ ಬರೆದದ್ದು ಎಂದೆ. 'ಕೊಟ್ಟರೇನು ಅವರು?' ಎಂದು ಕೇಳಿದ. ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಹಾಳೆಯಿಂದ ಓದತೊಡಗಿದೆ. ಮೇಲಿನ ಓಣಿ ಗಾಣಿಗರ ಮನೆ, ಬೆಲ್ಲ ಎರಡು ಸೇರು, ಬಾಕಿ. ಶಾಲಿ ಮಾಸ್ತರರು, ಚಹಾಪುಡಿ, ಜಮಾ.